ಭೂಮಿತಾಯಿಯ ಅಡುಗೆಗೆ ಹೆಸರಿಟ್ಟ ದುಗ್ಗಮ್ಮ

ದಿಕ್ಸೂಚಿಯ ಮುಳ್ಳು ಎಲ್ಲ ಊರಲ್ಲೂ ನೆಟ್ಟಗೆ ಉತ್ತರವನ್ನೇ ತೋರಿಸುತ್ತದೆ ಅಂದುಕೊಂಡಿರಾ, ಮಕ್ಕಳೇ? ಇಲ್ಲ! ಒಂದೂರಲ್ಲಿ ಚೂರು ಎಡಕ್ಕೆ, ಇನ್ನೊಂದೂರಲ್ಲಿ ಚೂರು ಬಲಕ್ಕೆ. ಏನಾಗಿರಬಹುದು, ಹೇಳಿ ನೋಡೋಣ. ಗಾಳಿ ತಳ್ಳಿತೇ? ಅಲ್ಲ. ಮುಳ್ಳಿಗೆ ಮರೆವೇ? ಅದೂ ಅಲ್ಲ. ಒಬ್ಬಳು ಬಸುರಿ ಆಮೆ ಸರಿಯಿಲ್ಲ ಅಂತ ಭೂಮಿತಾಯಿಯ ಅಡುಗೆಗೆ ಹೆಸರಿಟ್ಟಳು, ಅದಕ್ಕೆ!

ಲೋಕ ಇನ್ನೂ ಹೊಸದು. ಬೆಟ್ಟಗಳ ಮೈ ಕೂಡ ಆರಿರಲಿಲ್ಲ. ಭೂಮಿತಾಯಿ ತನ್ನ ಒಡಲೊಳಗೆ ಕೊಪ್ಪರಿಗೆ ಇಟ್ಟು ಕಬ್ಬಿಣ ಕುದಿಸುತ್ತಿದ್ದಳು. ಆ ಕುದಿಯಿಂದಲೇ ಸೂಜಿಗಲ್ಲಿನ ಸೆಳೆತ ಹುಟ್ಟುತ್ತಿತ್ತು. "ಎಲ್ಲಿ ಬೇಕಾದರೂ ನೋಡಿ, ಒಂದೇ ಹದ!" ಅಂತ ಅವಳಿಗೆ ಜಂಬ.

ಆ ಸೆಳೆತ ಹಿಡಿದೇ ದಾರಿ ನಡೆಯುವ ಕಡಲಾಮೆ ದುಗ್ಗಮ್ಮನಿಗೆ ಅದೇ ಕಷ್ಟ. ಹೊಟ್ಟೆ ತುಂಬ ಮೊಟ್ಟೆ. ಹುಟ್ಟಿದ ಮರಳಲ್ಲೇ ಇಡಬೇಕು, ಅದು ಕುಲದ ಪದ್ಧತಿ. ಎತ್ತ ಈಜಿದರೂ ಸೆಳೆತ ಒಂದೇ! ಒಂದು ಸಲ ಬಂಡೆಗೆ ಹತ್ತಿದಳು. ಒಂದು ಸಲ ಕೆಸರಿಗೆ. ಮತ್ತೊಂದು ಸಲ ಅದೇ ಬಂಡೆಗೆ!

ಬಂಡೆಯ ಏಡಿ ನಕ್ಕಿತು. "ಏನ್ ದುಗ್ಗಕ್ಕ, ಮನೆ ಬೆನ್ನ ಮೇಲೇ ಇದೆ, ಊರು ಸಿಗಲಿಲ್ವಾ?"

"ಅಡ್ಡಡ್ಡ ನಡೆಯೋನು ನೀನು, ಸುಮ್ನಿರೋ!"

ಬಾಯಿ ಜೋರು, ಕಣ್ಣು ಮಾತ್ರ ನೀರಿನ ಮೇಲೆ. ಉಬ್ಬರ ಏರುವುದರೊಳಗೆ ದಡ ಸಿಗದಿದ್ದರೆ ಮೊಟ್ಟೆಗಳು ನೀರುಪಾಲು.

ಕಡಲ ತಳಕ್ಕೇ ಮುಳುಗಿ ಭೂಮಿತಾಯಿಯ ಬಾಗಿಲು ತಟ್ಟಿದಳು. "ಅಮ್ಮಾ, ಸಿಟ್ಟಾಗಬೇಡ. ನಿನ್ನ ಅಡುಗೆ ಸರಿಯಿಲ್ಲ."

ಭೂಮಿತಾಯಿಯ ಸೌಟು ನಿಂತಿತು. ಬೆಟ್ಟಗಳು ನಡುಗಿದವು. "ಏನಂದೆ?"

"ಮನೆಗೊಂದು ರುಚಿ ಇದ್ದರಲ್ವಾ, ಕಣ್ಣು ಮುಚ್ಚಿ ಉಂಡರೂ ಇದು ನಮ್ಮಮ್ಮನ ಕೈರುಚಿ ಅನ್ನೋದು? ಎಲ್ಲೆಲ್ಲೂ ಒಂದೇ ಬಡಿಸಿದರೆ ನನ್ನ ಮನೆ ಯಾವುದಂತ ಹೇಗೆ ತಿಳೀಲಿ?"

ಭೂಮಿತಾಯಿ ಒಂದು ಸೌಟು ಎತ್ತಿ ತಾನೇ ರುಚಿ ನೋಡಿದಳು. ಆಮೇಲೆ ಕೇಳಿದಳು, "ಎಲ್ಲಿದೆಯಮ್ಮ ನಿನ್ನ ಮರಳು?"

"ಎರಡು ಕೆಂಪು ಬಂಡೆ ನಡುವೆ, ಹೊಳೆ ಕಡಲು ಸೇರುವಲ್ಲಿ."

"ಸರಿ. ಅಲ್ಲಿಯ ಸೆಳೆತಕ್ಕೆ ಈ ಓರೆ. ರುಚಿ ನೋಡಿಕೋ, ಮರೀಬೇಡ."

ಸೆರಗು ಸಿಕ್ಕಿಸಿ ಹೊಸದಾಗಿ ತಿರುವಿದಳು, ಇಲ್ಲಿ ಜೋರಾಗಿ, ಅಲ್ಲಿ ಮೆಲ್ಲಗೆ. ಸೆಳೆತ ಒಂದು ಕಡೆ ಎಡಕ್ಕೆ ವಾಲಿತು, ಒಂದು ಕಡೆ ಬಲಕ್ಕೆ. ಲೋಕದ ನಡುವಲ್ಲಿ ಚಾಪೆಯಂತೆ ಮಲಗಿತು. ತುದಿಗಳಲ್ಲಿ ಕಂಬದಂತೆ ನಿಂತಿತು.

ದುಗ್ಗಮ್ಮ ಈಜಿದಳು. ಇದಲ್ಲ. ಇದೂ ಅಲ್ಲ. ಇದೂ ಅಲ್ಲ... ಇದೇ! ತಲೆ ಎತ್ತಿದರೆ ಎರಡು ಕೆಂಪು ಬಂಡೆ.

ನೂರಾ ಹನ್ನೊಂದು ಮೊಟ್ಟೆ, ಒಂದೂ ಹಾಳಾಗಲಿಲ್ಲ. "ಊರಿಗೊಂದು ಹದ! ಬೇರೆ ಯಾರ ಕೈಲಾಗುತ್ತೆ?" ಅಂತ ಭೂಮಿತಾಯಿಯ ಜಂಬ ಇಮ್ಮಡಿಯಾಯಿತು. "ಹೇಳಿಕೊಟ್ಟವಳು ನಾನು," ಅಂತ ದುಗ್ಗಮ್ಮನದು ಮುಮ್ಮಡಿ.

ಅದಕ್ಕೇ ಇಂದಿಗೂ ಊರು ಬದಲಾದರೆ ನಿಮ್ಮ ದಿಕ್ಸೂಚಿಯ ಮುಳ್ಳು ಚೂರು ವಾಲುತ್ತದೆ, ಕಡಲಾಮೆ ತವರಿನ ಮರಳಿಗೇ ಬರುತ್ತದೆ. ಪಂಚಾಂಗ ಆಗಿನ್ನೂ ಹುಟ್ಟಿರಲಿಲ್ಲ ನಿಜ. ಆದರೆ ಆಮೆಗಳು ಮರೆತಿಲ್ಲ: ಇದು ನಡೆದದ್ದು ಫಾಲ್ಗುಣ ಶುದ್ಧ ಪಂಚಮಿ, ಬುಧವಾರ, ಉಬ್ಬರ ಏರಲು ಇನ್ನೊಂದೇ ಗಳಿಗೆ ಇದ್ದಾಗ.