ಕಾಗೆಗೂಡಿನ ಕಾನೂನು

ಇಗರ್ಜಿಯ ಅಂಗಳದ ಬೇವಿನ ಮರದಲ್ಲಿ ಒಂದು ಕಾಗೆಗೂಡು. ಅದರೊಳಗೆ ಬೆಳೆಯುತ್ತಿದ್ದ ಕೋಗಿಲೆ ಮರಿಗೆ ತಾನು ಯಾರೆಂಬುದು ಗೊತ್ತಿತ್ತು. “ಕಾ ಎಂದವರಿಗೆ ಮಾತ್ರ ತುತ್ತು, ಇದು ಗೂಡಿನ ಕಾನೂನು” ಎಂದು ಕಾಗೆಮರಿಗಳು ಹೆದರಿಸಿದ್ದರಿಂದ ಅದು ದಿನವಿಡೀ ಗಂಟಲು ಹರಿದುಕೊಂಡು ಕಾ ಕಾ ಎನ್ನುತ್ತಿತ್ತು. ಒಂದು ಬೆಳಿಗ್ಗೆ ತಾಯಿಕಾಗೆಯ ಎದುರಿಗೇ ‘ಕುಹೂ’ ಎಂದುಬಿಟ್ಟಿತು.

“ತಪ್ಪಾಯ್ತಮ್ಮಾ! ನಾನು ನಿನ್ನ ಮರಿಯಲ್ಲ. ಕೆಳಗೆ ತಳ್ಳಬೇಡ!”

“ಮೊಟ್ಟೆ ಕಂಡ ದಿನವೇ ಗೊತ್ತಾಗಿತ್ತು. ನಿನಗೆ ಜಾಗ ಮಾಡಲು ನಿನ್ನ ಹೆತ್ತವಳು ನನ್ನದೊಂದು ಮೊಟ್ಟೆಯನ್ನು ಕೆಳಗುರುಳಿಸಿದ್ದೂ ಗೊತ್ತು.”

“ಗೊತ್ತಿದ್ದೂ ನನಗೆ ಕಾವು ಕೊಟ್ಟೆಯಾ?”

“ಕೊಟ್ಟೆ. ಆಗ ನಿನಗೆ ಕೊಕ್ಕೇ ಮೂಡಿರಲಿಲ್ಲ, ಇನ್ನು ಕಾ ಎನ್ನುವುದೆಲ್ಲಿ?”

ದಂಗಾದ ಮರಿ ತೆರೆದ ಬಾಯಿ ಮುಚ್ಚಲಿಲ್ಲ. ತಾಯಿ ಅದರೊಳಗೆ ತುತ್ತಿಟ್ಟಿತು.