ಹತ್ತು ನಿಮಿಷ ಕಾದ ಭೋಜ

ನಮ್ಮ ಬೀದಿಯಲ್ಲಿ ತುಳಸಮ್ಮ ಅಂತ ಇದ್ದಳು. ಅವಳಿಗೆ ಭೋಜ ಅಂತ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. ಅದನ್ನಾದರೂ ಅವಳು ಸಹಿಸಿಕೊಂಡಿದ್ದಳು. ಓರಗಿತ್ತಿ ನೀಲಮ್ಮನ ಮನೆ ಮುಂದೆ ಬಸ್ಸು ನಿಲ್ಲುವುದನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ. ನೀಲಮ್ಮ ಹೊಸಲು ದಾಟಿದರೆ ಬಸ್ಸು. ತುಳಸಮ್ಮನಿಗೆ ಎರಡು ಮೈಲಿ ನಡಿಗೆ. ಹೊಟ್ಟೆ ಉರಿಯದೆ ಏನಾಗುತ್ತದೆ?

ಬಸ್ ಆಫೀಸಿಗೇ ಹೋಗಿ ಸಾಹೇಬರ ಹತ್ತಿರ ಜಗಳ ತೆಗೆದಳು. ಅವರು ಕಂಪ್ಯೂಟರ್ ತೋರಿಸಿದರು. ಪರದೆಯ ಮೇಲೆ ಇಡೀ ಊರು, ಊರ ತುಂಬ ಓಡಾಡುವ ಚುಕ್ಕಿಗಳು. ಒಂದೊಂದು ಚುಕ್ಕಿಯೂ ನಿಜವಾದ ಜನರನ್ನು ನೋಡಿ ಬರೆದು ಕಂಪ್ಯೂಟರಿನಲ್ಲಿ ಮಾಡಿದ ಒಬ್ಬ ನಕಲಿ ಪ್ರಯಾಣಿಕ, ಒಬ್ಬೊಬ್ಬನದೂ ಒಂದೊಂದು ಸ್ವಭಾವ. ಒಬ್ಬ ಸೀಟಿಲ್ಲದಿದ್ದರೆ ಹತ್ತುವುದಿಲ್ಲ, ಇನ್ನೊಬ್ಬ ಕಾದು ಬೇಸತ್ತು ಆಟೊ ಹಿಡಿಯುತ್ತಾನೆ. ಚುಕ್ಕಿಗಳು ಗುಂಪುಗಟ್ಟಿದ ಕಡೆಗೆ ಬಸ್ಸು. ನಮ್ಮ ಬೀದಿಯಲ್ಲಿ ಒಂದು ಚುಕ್ಕಿಯೂ ಇರಲಿಲ್ಲ, ಏಕೆಂದರೆ ನಮ್ಮನ್ನು ಯಾರೂ ನೋಡಿ ಬರೆದಿರಲಿಲ್ಲ. ಹಾಗಾದರೆ ನನ್ನ ಮಗ ಬರೆಯುತ್ತಾನೆ ಅಂದಳು ತುಳಸಮ್ಮ.

ಬೀದಿ ಕೊನೆಯಲ್ಲಿ ನಿಂತವರು ಏನೇನು ಮಾಡುತ್ತಾರೋ ಬರೆದುಕೊಂಡು ಬಾ ಅಂದರು ಸಾಹೇಬರು. ಭೋಜ ಬರೆದು ತಂದ. ಒಬ್ಬರು ಕಿವಿ ಕೆರೆದುಕೊಂಡರು, ಒಬ್ಬರು ಎರಡು ಸಲ ಸೀನಿದರು. ಸಾಹೇಬರು ಬೈದರು. ಎಷ್ಟು ಹೊತ್ತು ನಿಲ್ಲುತ್ತಾರೋ ಅಷ್ಟನ್ನೇ ಬರೆ ಅಂದರು.

ಮಾರನೆಯ ದಿನ ಅಷ್ಟನ್ನೇ ಬರೆದ. ಬಾಳೆಹಣ್ಣು ಮಾರುವ ಕೆಂಪಯ್ಯ, ಒಂಬತ್ತು ಗಂಟೆ ಹೊತ್ತು. ಬೇಲಿಗೆ ಕಟ್ಟಿದ ಎಮ್ಮೆ, ಹನ್ನೊಂದು ಗಂಟೆ ಹೊತ್ತು. ಗುಮಾಸ್ತ ನೋಡದೆ ಕಂಪ್ಯೂಟರಿಗೆ ತುಂಬಿದ. ಪರದೆಯ ಮೇಲೆ ಎಮ್ಮೆಯೂ ಬಸ್ಸಿಗೆ ಕಾಯುತ್ತ ನಿಂತಿತು. ಸಾಹೇಬರು ತಲೆ ಚಚ್ಚಿಕೊಂಡರು.

"ನೋಡಯ್ಯ, ನಿಮ್ ಬೀದಿ ಜನ ಹತ್ತು ನಿಮಿಷ ಕಾಯ್ತಾರೆ. ಬಸ್ ಬರ್ಲಿಲ್ಲ ಅಂದ್ರೆ ಮನೆಗೆ ಹೋಗ್ತಾರೆ ಅಂತ ನಾನೇ ಕಂಪ್ಯೂಟರಿಗೆ ಹಾಕ್ತೀನಿ. ಇದೇ ಲೆಕ್ಕ, ನೆನಪಿಟ್ಕೊ. ನಾಳೆ ಒಂಬತ್ತಕ್ಕೆ ಒಂದು ಬಸ್ ಕಳಿಸ್ತೀನಿ. ನಲವತ್ತು ಜನ ಹತ್ತಿದ್ರೆ ದಿನಾ ಬರುತ್ತೆ."

ತುಳಸಮ್ಮ ಮನೆಮನೆಗೂ ಹೋಗಿ ಕೈಮುಗಿದಳು. ಬೆಳಿಗ್ಗೆ ನಲವತ್ತಮೂರು ಜನ ಸೇರಿದೆವು. ಒಂಬತ್ತಾಯಿತು, ಒಂಬತ್ತೂ ಹತ್ತಾಯಿತು. ಭೋಜ ಗಡಿಯಾರ ನೋಡಿ, ಎಲ್ಲರೂ ಮನೆಗೆ ಹೋಗಬೇಕು, ಸಾಹೇಬರ ಅಪ್ಪಣೆ ಅಂದ. ಬಸ್ಸು ಬರುವುದಿಲ್ಲವೇನೋ ಅಂದುಕೊಂಡು ಜನ ಚದುರಿದರು. ಬೇಡ ಬೇಡ ಅಂತ ತುಳಸಮ್ಮ ಅಡ್ಡ ನಿಂತರೂ ಕೇಳಲಿಲ್ಲ.

ಮರುಗಳಿಗೆಯೇ ಬಸ್ಸು ತಿರುವಿನಲ್ಲಿ ಕಾಣಿಸಿತು. ಒಳಗೆ ನೀಲಮ್ಮ. ಅವಳಿಗೇನು ಹೊಟ್ಟೆಕಿಚ್ಚು ಕಡಿಮೆಯೇ? ಇವರಿಗೆಷ್ಟು ಜನ ಸೇರುತ್ತಾರೆ ನೋಡೋಣ ಅಂತಲೇ ಹತ್ತಿ ಬಂದಿದ್ದಳು. ತುಳಸಮ್ಮ ಓಡಿಹೋಗಿ ಮೆಟ್ಟಿಲ ಮೇಲೆ ಕಾಲಿಟ್ಟಳು. ಭೋಜ ಅವಳ ಸೆರಗು ಹಿಡಿದು ಕೆಳಕ್ಕೆಳೆದ.

"ಹತ್ತಬೇಡಮ್ಮ, ನೀನು ಆಗ್ಲೇ ಮನೆಗೆ ಹೋಗಿದ್ದೀಯ."

ಯಾರೂ ಇಲ್ಲ ಅಂತ ಕಂಡಕ್ಟರು ಬರೆದುಕೊಂಡು ಸೀಟಿ ಊದಿದ. ಸಾಹೇಬರು ಆ ಬಸ್ಸನ್ನೂ ನೀಲಮ್ಮನ ಬೀದಿಗೇ ಹಾಕಿದರು. ಮನೆಗೆ ಹೋದವರಲ್ಲಿ ನಾನೂ ಒಬ್ಬ, ಈಗಲೂ ನಡೆದೇ ಹೋಗುತ್ತೇನೆ. ನೀಲಮ್ಮನನ್ನು ಕಂಡರೆ ನನಗೂ ಆಗುವುದಿಲ್ಲ.