ಕೊಂಬಿನ ಕಬ್ಬಿಣ

ಟಗರುಗಳ ಕಾಳಗದ ಕಣದಲ್ಲಿ ಒಂದು ಕಟ್ಟಳೆಯಿತ್ತು. ಪ್ರತಿ ಗೆಲುವಿಗೂ ಗೆದ್ದ ಟಗರಿನ ಕೊಂಬಿಗೆ ಒಂದು ಕಬ್ಬಿಣದ ಬಳೆ ತೊಡಿಸುತ್ತಿದ್ದರು. ಬಳೆ ಹೆಚ್ಚಿದಷ್ಟೂ ಏಟು ಬಿರುಸಾಗುತ್ತಿತ್ತು. ಸಿಡಿಲನೆಂಬ ಟಗರು ಹನ್ನೆರಡು ಬಳೆ ತೊಟ್ಟು ಎದೆಯುಬ್ಬಿಸಿ ತಿರುಗುತ್ತಿತ್ತು.

ಒಂದು ದಿನ ಕೆಂಚನೆಂಬ ಹೊಸ ಟಗರು ಬರಿಗೊಂಬಿನಲ್ಲಿ ಕಣಕ್ಕೆ ಬಂದು, "ಅಣ್ಣಾ, ಆ ಕಬ್ಬಿಣ ಕಳಚಿಟ್ಟು ಬಾ. ನಿನ್ನ ತಲೆ, ನನ್ನ ತಲೆ, ಎರಡೇ ಸೆಣಸಲಿ," ಎಂದಿತು.

"ಇದೇನು ಬಿಟ್ಟಿ ಬಂದದ್ದಲ್ಲ. ವರ್ಷಗಟ್ಟಲೆ ಗುದ್ದಾಡಿ ಸಂಪಾದಿಸಿದ್ದು. ನೀನೂ ಗೆಲ್ಲು, ನಿನಗೂ ಸಿಗುತ್ತದೆ," ಎಂದಿತು ಸಿಡಿಲ.

"ಗೆದ್ದವನಿಗೆ ಮಾನ ಸಲ್ಲಲಿ, ಬೇಡವೆನ್ನುವವರು ಯಾರು? ಕೊರಳಿಗೆ ಗಂಟೆ ಕಟ್ಟಿಕೋ, ಊರೆಲ್ಲ ಕೇಳಲಿ. ಕೊಂಬಿಗೇಕೆ ಕಬ್ಬಿಣ? ಬರಿಗೊಂಬಿನಲ್ಲಿ ಎಷ್ಟು ಸಲ ಗೆದ್ದೆ, ಹೇಳು."

ಸಿಡಿಲನಿಗೆ ಮೊದಲ ಕಾಳಗ ನೆನಪಾಯಿತು. ಅಂದು ಎದುರಾಳಿ ಕಾಲು ಜಾರಿ ಬಿದ್ದದ್ದರಿಂದ ತನ್ನ ಮಾನ ಉಳಿದಿತ್ತು. "ಒಂದು ಸಲ," ಎಂದು ಗೊಣಗಿತು.

"ಹಾಗಾದರೆ ಮಿಕ್ಕ ಹನ್ನೊಂದನ್ನೂ ಗೆದ್ದವನು ಕಮ್ಮಾರ. ಹಾರ ಅವನಿಗೆ ಹಾಕಿಸು," ಎಂದು ಕೆಂಚ ಬೆನ್ನು ತಿರುಗಿಸಿ ಹೊರಟಿತು. ಸರದಿಗಾಗಿ ಕಾದಿದ್ದ ಟಗರುಗಳೆಲ್ಲ ನಗುತ್ತ ಅದರ ಹಿಂದೆಯೇ ನಡೆದವು.

ಅವುಗಳನ್ನು ಕೂಗಿ ಕರೆಯಬೇಕೆಂದು ಸಿಡಿಲನಿಗೆ ಅನಿಸಿತು. ಆದರೆ ಕರೆದರೆ ಬಳೆ ಕಳಚಬೇಕಾಗುತ್ತಿತ್ತು, ಬರಿತಲೆಯಲ್ಲಿ ಏಟು ತಿನ್ನಬೇಕಾಗುತ್ತಿತ್ತು.

ತೀರ್ಪುಗಾರನಾಗಿದ್ದ ಮುದಿ ಹೋತ ಖಾಲಿ ಕಣವನ್ನೊಮ್ಮೆ ನೋಡಿ, "ಎದುರಾಳಿಯೇ ಇಲ್ಲದ ಕಾರಣ ಗೆಲುವು ಸಿಡಿಲನದು," ಎಂದು ಸಾರಿತು.

ಸಿಡಿಲ ಒಡನೆಯೇ ತಲೆಯೆತ್ತಿ, "ನೋಡಿದಿರಾ ತಾತ, ಎಲ್ಲರೂ ನನಗೆ ಹೆದರಿ ಓಡಿದರು!" ಎಂದಿತು.